ಒಂದೂವರೆ ತಾಸು

ದಾಬೋಳಿಯಿಂದ ಕಾರವಾರಕ್ಕೆ ತೊಂಬತ್ತು ಕಿಲೋಮೀಟರು ಎನ್ನುವವರು
ಕರ್ಮಲ್ ಘಾಟಿನ ತಿರುವಿನಲ್ಲಿ ಕೆಟ್ಟು ನಿಂತ ಲಾರಿಯನ್ನು
ಲೆಕ್ಕಕ್ಕೆ ಹಿಡಿದವರಲ್ಲ.
ನಾನು ಹತ್ತೊಂಬತ್ತು ವರ್ಷದಿಂದ ಈ ದಾರಿಯಲ್ಲಿ ಬಾಡಿಗೆ ಹೊಡೆಯುವವ.
ಕೇಳಿದರೆ ದೂರವನ್ನು ತಾಸಿನಲ್ಲಿ ಹೇಳುತ್ತೇನೆ,
ತಾಸನ್ನು ಡೀಸೆಲ್ಲಿನಲ್ಲಿ.

ಮೇಲಿನ ದಾರಿಯೇ ಬೇರೆ.
ಮಸ್ಕತ್ತಿನಿಂದ ದಾಬೋಳಿಗೆ ಗುಂಡಿಯಿಲ್ಲ, ಗೇಟಿಲ್ಲ,
ದನ ಅಡ್ಡ ಬರುವುದಿಲ್ಲ.
ಮೇಸ್ತ್ರಿ ನೂಲು ಹಿಡಿದಂತೆ ಸಮುದ್ರದ ಮೇಲೆ ಒಂದೇ ಗೆರೆ.

ಸುಂಕೇರಿಯ ಕಿತೇರಿ ಗಾಜಿನ ಬಾಗಿಲು ದಾಟಿ ಬಂದಾಗ
ಮೂರು ಗಂಟೆಗೆ ಹತ್ತು ನಿಮಿಷ ಇತ್ತು.
ಟಿಕೀಟನ್ನು ನನ್ನ ಕೈಗೆ ಕೊಟ್ಟಳು,
ನಾನೇನೋ ತಿದ್ದಿಕೊಡುವವನ ಹಾಗೆ.
ಬಿಟ್ಟದ್ದು ಹತ್ತೂ ಐದಕ್ಕೆ, ಇಳಿದದ್ದು ಎರಡೂ ಇಪ್ಪತ್ತಕ್ಕೆ.
ನಾಲ್ಕೂಕಾಲು ತಾಸು, ಎಂದೆ.
"ಅಲ್ಲ ದತ್ತಾಬಾ, ಎರಡೂಮುಕ್ಕಾಲು.
ಉಳಿದ ಒಂದೂವರೆ ನಡುಸಮುದ್ರದಲ್ಲಿ ಮುರಿದುಕೊಂಡರು,
ಸಂಬಳದಲ್ಲಿ ಮುರಿದುಕೊಳ್ಳುತ್ತಾರಲ್ಲ, ಹಾಗೆ."
ಹೋಗುವಾಗ ಕೊಡುತ್ತಾರಂತೆ.
ನಾಲ್ಕು ವರ್ಷದ ಹಿಂದೆ ಕೊಟ್ಟದ್ದನ್ನು ಏನು ಮಾಡಿದಳೋ
ಅವಳಿಗೇ ನೆನಪಿಲ್ಲ.
ಯಾವುದೋ ಸಾಲಿನಲ್ಲಿ ನಿಂತಿದ್ದೆನೇನೋ, ಎಂದಳು.

ಮಣ್ಣು ನಾಲ್ಕು ಗಂಟೆಗೆ.
ಅವಳಣ್ಣ ಸಾಂತಾನ್ ಮೊನ್ನೆಯಿಂದ ಮಂಜುಗಡ್ಡೆಯ ಮೇಲೆ,
ಬಂದರಿನಲ್ಲಿ ಬಂಗಡೆಗೆ ಐಸು ತುಂಬುತ್ತಿದ್ದವ.
ಇನ್ನು ಇಡಲಾಗದು ಎಂದಿದ್ದಾರೆ.
ಪಾದ್ರಿಗೆ ಆರಕ್ಕೆ ಬಿಣಗಾದಲ್ಲಿ ಬೇರೆ ಪೂಜೆ.

ಘಾಟಿನಲ್ಲಿ ಲಾರಿ ಇತ್ತು. ಇದ್ದೇ ಇರುತ್ತದೆ.

ಮಾಜಾಳಿಯಲ್ಲಿ ಬಾಟಲಿ ಹುಡುಕಿ ಪೆಟ್ಟಿಗೆ ಬಿಚ್ಚಿಸಿದರು.
ಖರ್ಜೂರ. ತಲೆನೋವಿನ ಮುಲಾಮು.
ಬೆಲೆಚೀಟಿ ಕೀಳದ ಒಂದು ಅಂಗಿ, ನಲವತ್ತೆರಡರ ಅಳತೆ.
ಯಾರಿಗೆ ಇದು, ಎಂದ ಪೊಲೀಸ, ಎತ್ತಿ ಹಿಡಿದು.
ಅವನು ಕೆಟ್ಟವನಲ್ಲ, ಸುಮ್ಮನೆ ಕೇಳಿದ.
ಅವಳು ಉತ್ತರ ಹೇಳಲು ತೆಗೆದುಕೊಂಡ ಹೊತ್ತನ್ನು
ಯಾವ ಟಿಕೀಟಿನಲ್ಲೂ ಬರೆದಿರುವುದಿಲ್ಲ.

ಕಾಳಿ ಸೇತುವೆ ಏರುವಾಗ ಐದಕ್ಕೆ ಏಳೇ ನಿಮಿಷ.
ಕೋಡಿಬಾಗದ ತಿರುವಿನಲ್ಲಿ ಎದುರಿಗೆ ಎರಡು ರಿಕ್ಷಾ,
ಒಳಗೆ ಕಪ್ಪು ಬಟ್ಟೆಯವರು, ಮನೆಗೆ ಮರಳುವವರು.
ಒಬ್ಬಾಕೆಯ ಮಡಿಲಲ್ಲಿ ಮಗು ನಿದ್ದೆ ಹೋಗಿತ್ತು.
ನಾನು ರೇಡಿಯೋದ ಗುಂಡಿ ಮುಟ್ಟಿ ನೋಡಿದೆ,
ಅದು ಮೊದಲೇ ಬಂದಾಗಿತ್ತು.
ಬಾಯ್, ತಡವಾಯಿತು, ಎಂದೆ.

ಹಿಂದಿನ ಸೀಟಿನಿಂದ ಕೈ ಮುಂದೆ ಬಂತು,
ನನ್ನ ಭುಜದ ಪಕ್ಕಕ್ಕೆ, ಗಡಿಯಾರ ಕಟ್ಟಿದ ಕೈ.
ಮುಳ್ಳು ತಿರುಗಿಸಿರಲಿಲ್ಲ.
"ನೋಡು, ಮೂರೂ ಇಪ್ಪತ್ತೈದು.
ನಿಧಾನ ಹೋಗು. ಇನ್ನೂ ಹೊತ್ತಿದೆ."

ನಿಧಾನ ಹೋದೆ, ಎರಡನೇ ಗೇರಿನಲ್ಲಿ.
ಹಿಂದಿನ ಬಸ್ಸಿನವ ಬೈದ. ಬೈಯಲಿ.
ಅಲ್ಲಿಂದ ಸುಂಕೇರಿ ಒಂದು ಬೀಡಿಯ ದೂರ.