ಬಂಪರಿನ ಅಂಚು

ಅಂಬಾಸಿಡರ್ ಕಾರಿನ ಹಿಂದಿನ ಬಂಪರ್ ಅದು,
ಕೌಲ್ ಬಜಾರಿನ ಗುಜರಿಯಲ್ಲಿ ತೂಕ ಹಾಕಿಸಿ ತಂದೆ.
ಹೆಲೆನಾಳ ಗಿಟಾರು ಮೇ ತಿಂಗಳ ಬಿಸಿಲಿಗೆ
ಅಂಟು ಬಿಟ್ಟು, ಬ್ರಿಜ್ಜು ಎದ್ದು, ಬಾಯಿ ತೆರೆದಿತ್ತು.
ತಂತಿಯ ಎಳೆತ ಇನ್ನು ಮರ ತಡೆಯದು,
ಬುಡದಿಂದ ಹಿಡಿದುಕೊಳ್ಳುವ ಬಾಲದ ಪಟ್ಟಿ ಬೇಕು.
ಕೊಂಡರೆ ಎರಡು ವಾರದ ಪಗಾರ.
ಜೀನ್ಸ್ ಕಾರ್ಖಾನೆಯಲ್ಲಿ ಬಣ್ಣ ತೊಳೆಯುವವಳು,
ಉಗುರಿನ ಬುಡದಿಂದ ಮುಂಗೈತನಕ ನೀಲಿ.
"ನೀನ ಮಾಡು" ಅಂದಳು. ಮಾಡ್ತೀಯಾ ಅಂತ ಕೇಳಲಿಲ್ಲ.

ಬಂಪರಿನ ಮುಖ ಕನ್ನಡಿ.
ಅದರಲ್ಲಿ ನನ್ನ ಮೂಗು ಹರಡಿಕೊಂಡು
ಲೇತಿನ ಅಂಗಡಿ ಪೂರಾ ಬಾಗಿ ಕಂಡಿತು,
ಬುಡೇನ್ ಸಾಬರ ಟೀ ಗ್ಲಾಸು ಸಮೇತ.
ಹ್ಯಾಕ್ಸಾ ಹಚ್ಚಿದೆ. ಎರಡು ಬ್ಲೇಡು ಮುರಿದವು.
ಮೂರನೆಯದು ದಾಟಿದ ಮೇಲೆ
ಒಳಗಿನ ಲೆಕ್ಕವೆಲ್ಲ ಬಯಲಾಯಿತು:
ಮೇಲೆ ಕೂದಲೆಳೆಯಷ್ಟು ಹೊಳಪು,
ಅದರಡಿ ತಾಮ್ರದ ಗೆರೆ, ಇದೆಯೋ ಇಲ್ಲವೋ ಅನ್ನುವ ಹಾಗೆ,
ಉಳಿದದ್ದು ಬರೇ ಕಬ್ಬಿಣ. ಬೂದು. ಬೆತ್ತಲೆ.

ಅವಸರಕ್ಕೆ ಅರ ಹಿಡಿದು
ಬೆನ್ನಿಂದ ಮುಖಕ್ಕೆ ತಿಕ್ಕಿದೆ.
ಟಪ್ಪಂತ ಹೊಳಪು ಎದ್ದಿತು,
ಹಂಚಿನ ಮೇಲೆ ರೊಟ್ಟಿ ಉಬ್ಬಿ ಪದರ ಬಿಟ್ಟ ಹಾಗೆ.
ಬುಡೇನ್ ಸಾಬರು ಗ್ಲಾಸು ಕೆಳಗಿಟ್ಟರು.
"ಹಂಗಲ್ಲೋ. ಮಕದಿಂದ ಬೆನ್ನಿಗಿ ತಿಕ್ಕು.
ಹೊಳಪನ್ನ ಕಬ್ಬಿಣದ ಮ್ಯಾಲೆ ಒತ್ತಿಕೋತ ಹೋಗಬೇಕು.
ಎಬ್ಬಿಸಿದೀ ಅಂದ್ರ ನಿಲ್ಲಂಗಿಲ್ಲ ಅದು,
ಊರತನಕ ಎದ್ಕೋತ ಹೋಗತೈತಿ."

ಇನ್ನೊಂದು ತುಂಡು. ಇನ್ನೆರಡು ಬ್ಲೇಡು.
ಈ ಸಲ ಒಂದೇ ದಿಕ್ಕು, ಮುಖದಿಂದ ಬೆನ್ನಿಗೆ,
ವಾಪಸು ಬರುವಾಗ ಅರ ಎತ್ತಿ.
ಆಮೇಲೆ ಎಮರಿ, ಒರಟು, ನಯ, ಇನ್ನೂ ನಯ,
ಸೀಮೆಎಣ್ಣೆ ಸಿಗದೆ ಡೀಸೆಲ್ಲಿನ ಹನಿ.
ಆರು ತೂತು ಕೊರೆದು ಬಾಯಿ ಸವರಿ
ಬೆರಳಾಡಿಸಿ ನೋಡಿದೆ: ಬೆಣ್ಣೆ.
ಹೆಲೆನಾ ನಂಬಲಿಲ್ಲ.
ಚೀಲದಿಂದ ಜೀನ್ಸಿನ ಕಿತ್ತಳೆ ದಾರ ತೆಗೆದು
ಒಂದೊಂದೇ ತೂತಿನಲ್ಲಿ ಪೋಣಿಸಿ ಎಳೆದಳು.
ನಾಲ್ಕನೆಯದರಲ್ಲಿ ದಾರ ಸಿಕ್ಕಿತು,
ಜುಂಜು ಎದ್ದಿತು.
"ಇಲ್ಲೇ ನನ್ನ ತಂತಿ ಹರೀತಿತ್ತು" ಅಂದಳು,
ಬೈದಂತೆ ಅಲ್ಲ, ಹೊಲಿಗೆ ತಪ್ಪಿದ್ದು ತೋರಿಸುವಂತೆ.

ರಾತ್ರಿ ಹಾಗೇ ಮೇಜಿನ ಮೇಲೆ ಬಿಟ್ಟು ಹೋದೆ.
ಬೆಳಿಗ್ಗೆ ಅಂಚು ಕೆಂಪು.
ನಮ್ಮೂರಿನಲ್ಲಿ ಇದೊಂದು ಪೇಚು:
ಅದಿರಿನ ಲಾರಿ ಹೋದ ದಾರಿಗುಂಟ
ಬೇವಿನೆಲೆ ಕೆಂಪು, ಒಣಗಲು ಹಾಕಿದ ಅಂಗಿ ಕೆಂಪು,
ಎಮ್ಮೆಯ ಕಿವಿಯ ಒಳಗೂ ಕೆಂಪು.
ಧೂಳೋ ತುಕ್ಕೋ, ಒರೆಸದೆ ತಿಳಿಯುವುದಿಲ್ಲ.
ಒರೆಸಿದೆ. ಬರಲಿಲ್ಲ.
"ನಿನ್ನ ಬೆವರು" ಅಂದರು ಬುಡೇನ್ ಸಾಬರು.
"ಕೆಲವರ ಕೈ ಹಂಗ. ಕಬ್ಬಿಣ ತಿಂತೈತಿ."
ಅವಳ ಕೈಯೂ ಹಂಗೇ ಇದ್ದರೆ?

ಮತ್ತೆ ತಿಕ್ಕಿ, ಸ್ಪಿರಿಟ್ಟಿನಲ್ಲಿ ಒರೆಸಿ,
ಮುಟ್ಟದೆ ತಂತಿಗೆ ನೇತುಹಾಕಿದೆ.
ಲ್ಯಾಕರು ತರಲು ಹೊರಟವನನ್ನು ತಡೆದು
ಹೆಲೆನಾ ಕೊಟ್ಟದ್ದು ಉಗುರು ಬಣ್ಣದ ಸೀಸೆ.
ನೀಲಿ ಮುಚ್ಚಲೆಂದು ಕೊಂಡದ್ದಂತೆ,
ಮುಚ್ಚಲಿಲ್ಲವಂತೆ.
ಈರುಳ್ಳಿ ಸಿಪ್ಪೆಯ ಬಣ್ಣ.
ಅಂಚಿಗಷ್ಟೇ, ಆ ಪುಟ್ಟ ಕುಂಚದಲ್ಲಿ, ಉಸಿರು ಹಿಡಿದು
ಮೂರು ಸಲ ಬಳಿದೆ.
ತೂತಿನ ಒಳಬಾಯಿಗೆ ಬೆಂಕಿಕಡ್ಡಿಯ ತುದಿಯಿಂದ.
ಸ್ಕ್ರೂ ಕೂರುವ ಜಾಗ ಮರೆತೆ.

ಎಂಟು ತಿಂಗಳಿಗೆ ಬಂದಳು.
ಅಂಗೈಯ ದಿಂಡು ಊರುವಲ್ಲಿ ಬಣ್ಣ ಸವೆದಿತ್ತು,
ಸ್ಕ್ರೂವಿನ ಕೆಳಗಿಂದ
ಒಂದು ಕೆಂಪು ಎಳೆ ಹೊಳಪಿನ ಮೇಲೆ ಇಳಿದಿತ್ತು.
ಹೆಬ್ಬೆರಳಲ್ಲಿ ಒರೆಸಿದೆ.
ಅರ್ಧ ಬಂತು. ಅರ್ಧ ಉಳಿಯಿತು.
ಸೀಸೆ ತಂದಿದ್ದಳು, ಗಟ್ಟಿಯಾಗಿತ್ತು.
ಎರಡು ಹನಿ ಥಿನ್ನರ್ ಬಿಟ್ಟು ಕುಲುಕಿದೆ.

ಒಣಗುವತನಕ ಸ್ಟೂಲಿನ ಮೇಲೆ ಕೂತಳು,
ತಂತಿ ಬಿಚ್ಚಿದ ಗಿಟಾರಿನ ಹೊಟ್ಟೆಯನ್ನು
ನೀಲಿ ಬೆರಳುಗಳಿಂದ
ಮೆಲ್ಲಗೆ ತಟ್ಟುತ್ತ.