ಬಚ್ಚಲ ಮೇಲಿನ ಕ್ರೇನು

ಗ್ದಾನ್ಸ್ಕ್, ನವೆಂಬರ್. ಬಾಲ್ಟಿಕ್ ಗಾಳಿ
ಬಾಲ್ಕನಿಗೆ ಬಂದು ಅಂಗಿಗಳನ್ನು
ಹಲಗೆ ಮಾಡಿ ಹೋಗುತ್ತದೆ.
ಒಳಗೆ ಹರವಿದರೆ ಕುರ್ಚಿ, ಬಾಗಿಲು, ರೇಡಿಯೇಟರು
ಎಲ್ಲಕ್ಕೂ ಒದ್ದೆ ತೋಳು.

ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ;
ಕಾಲುಚೀಲ ಚಾಚುವುದೆಲ್ಲಿ?

ಬೊಗುಮಿಲ ತಲೆಯೆತ್ತಿ ನೋಡಿದಳು.
ಅಲ್ಲಿ, ಸ್ನಾನದ ತೊಟ್ಟಿಯ ಮೇಲೆ,
ಯಾರೂ ಬಾಡಿಗೆ ಕೇಳದ ಜಾಗ.
ವಿದ್ಯುತ್ ಬಿಲ್ಲಿನ ಬೆನ್ನಿಗೆ ಗೆರೆ ಎಳೆದಳು:
ಪೈನ್ ಪಟ್ಟಿ ಐದು, ರಾಟೆ ಮೂರು,
ನಡುವೆ ಗೇಣು ಬಿಡಬೇಕು, ಇಲ್ಲವಾದರೆ
ಅಂಗಿಗೆ ಅಂಗಿ ಅಂಟಿ ಮುಗ್ಗು ಹಿಡಿಯುತ್ತದೆ.
ಒಣ ಟವೆಲ್ಲನ್ನೂ ಒದ್ದೆ ಟವೆಲ್ಲನ್ನೂ
ಆಲೂಗಡ್ಡೆಯ ತಕ್ಕಡಿಯಲ್ಲಿ ತೂಗಿದಳು.

ಇಪ್ಪತ್ತೆರಡು ವರ್ಷ ಹಡಗುಕಟ್ಟೆಯಲ್ಲಿ
ಕ್ರೇನ್ ನಡೆಸಿದವಳು. ಅಷ್ಟೆತ್ತರದಿಂದ
ಕೆಳಗಿನವನ ಮುಖ ಕಂಡದ್ದಿಲ್ಲ,
ಕೈ ಮಾತ್ರ: ಏರಿಸು. ತಡೆ. ಇನ್ನೊಂದು ಕೂದಲೆಳೆ.

ಮೊದಲ ಸಲ ಗಂಟು ಜಾರಿತು.
ದುಪ್ಪಟಿ ಸಮೇತ ಎಲ್ಲ ತೊಟ್ಟಿಯೊಳಗೆ,
ಜೊತೆಗೆ ಸುಣ್ಣದ ಚಕ್ಕೆ,
ಮಗಳು ಕಿಂಗಾಳ ತಡೆಯಿಲ್ಲದ ನಗೆ.
ಎರಡನೆಯ ಸಲ ನೇರ ಕಾಂಕ್ರೀಟಿಗೇ ಕೊಕ್ಕೆ;
ಪಕ್ಕದ ಮನೆಯವರು ಗೋಡೆ ಕುಟ್ಟಿದರು.

ಈಗ ಹಗ್ಗ ಕಿಂಗಾಳ ಕೈಯಲ್ಲಿ.
ಬೊಗುಮಿಲ ತೊಟ್ಟಿಯ ಪಕ್ಕ ನಿಂತು
ಮಾತಿಲ್ಲದೆ ಅಂಗೈ ಮೇಲೆತ್ತುತ್ತಾಳೆ,
ಮುಷ್ಟಿ ಕಟ್ಟುತ್ತಾಳೆ.
"ಬಾಯಿ ಬಿಟ್ಟು ಹೇಳಬಾರದೇನಮ್ಮ?"

ಹದಿನಾಲ್ಕು ಕಾಲುಚೀಲ, ಒಂದು ಸಮವಸ್ತ್ರ
ತೂಗುತ್ತ ಸೂರು ಸೇರುತ್ತವೆ.
ಒಂದು ಹನಿ
ಅವಳ ಎತ್ತಿದ ಕೈಗೇ ಬೀಳುತ್ತದೆ.

"ಹಿಂಡಿದ್ದು ಸಾಲದು," ಎನ್ನುತ್ತಾಳೆ.
"ಇಳಿಸು."