ಮೂರು ಎಂಎಂ ಕಮ್ಮಿ

ಚೌಕಟ್ಟಿನ ಅಳತಿ ಎಷ್ಟೈತೋ ಅದಕ್ಕಿಂತ
ಮೂರು ಎಂಎಂ ಕಮ್ಮಿ ಕೊಯ್ಯಬೇಕು ಗಾಜು.
ಬಿಸಲಿಗೆ ಅದೂ ಹಿಗ್ತೈತಿ, ಉಸರಾಡಾಕ ಜಾಗ ಬೇಕು.
ಇಷ್ಟು ಕಲಿಯಾಕ ನನಗ ಎರಡು ಮಳಿಗಾಲ ಹೋದ್ವು
ವಾಸ್ಕೋದಾಗ, ಹುಲಗಪ್ಪ ಮೇಸ್ತ್ರಿ ಕಡೆ ಬೈಸಿಕೊಂತ.

ದಾಬೋಳಿ ಗುಡ್ಡದ ಮ್ಯಾಲ, ನಾಕನೇ ಮಾಳಿಗಿ, ಸಮುದ್ರದ ಕಡೆ ಕಿಟಕಿ.
ವಿಮಾನ ಇಳಿಯೋ ಸಪ್ಪಳಕ್ಕ ತಿರುಗಿ ನೋಡ್ದೆ, ಅಷ್ಟ.
ಗಾಜು ಜಾರ್ತು.
ಬಲಗೈ ಮಣಿಕಟ್ಟು, ಕಿರಿಬೆರಳಿನ ಸೀದಕ್ಕ.
ನೋವು ಆಮ್ಯಾಲ ಬಂತು. ಮೊದಲ ಬಂದದ್ದು ಲೆಕ್ಕ:
ಇಡೀ ಹಾಳಿ ಹೋತು, ಸೇಠಗ ಏನು ಹೇಳೂದು?

ಬಾಂಬೋಳಿ ದವಾಖಾನ್ಯಾಗ ಕೂದಲಿಗಿಂತ ಸಣ್ಣ ದಾರದಾಗ
ನರದ ತುದಿಗೆ ತುದಿ ಹೊಲದ್ರು.
ಹೊಲದ ಮಾತ್ರಕ್ಕ ಕೂಡಿತು ಅನಬ್ಯಾಡ, ಅಂದ್ಲು ಅಸುಂತಾ ಬಾಯಿ,
ಕೈಗೆ ವ್ಯಾಯಾಮ ಮಾಡಸಾಕಿ.
ಅಕಿದು ಕೊಂಕಣಿ, ಹಿಂದಿ,
ನಡುನಡುವ ಬೈನಾದ ಪೇಶಂಟರು ಕಲಿಸಿದ ನಾಕು ಕನ್ನಡ.

ಗಾಯದ ಆಚೀಕಿನ ನರ ಸತ್ತು ಹೋಗ್ತೈತಿ,
ಸತ್ತದ್ದನ್ನ ಮೈಯ ಬಳದು ತಗೀತೈತಿ.
ಉಳಿಯೂದು ಕೊಳವಿ, ಖಾಲಿ.
ಅದರೊಳಗ ಕೆಲವು ಕೋಶ ಸಾಲಾಗಿ ನಿಂತು
ಬಾ, ಈ ಕಡೆ ಬಾ, ಅಂತ ಕರೀತಾವು.
ಮ್ಯಾಲಿಂದ ಕುಡಿ ಹೊಂಡ್ತೈತಿ. ಕುಡಿಗೆ ಕಣ್ಣಿಲ್ಲ,
ಮುಟ್ಟಿ ಮುಟ್ಟಿ ದಾರಿ ನೋಡ್ತೈತಿ.
ದಿನಕ್ಕ ಎಷ್ಟು ಗೊತ್ತೇನು?
ಹೆಚ್ಚಂದ್ರ ಒಂದು ಮಿಲಿಮೀಟರ್.

ಮಿಲಿಮೀಟರ್ ಅಂದಕೂಡ್ಲೆ ನನ್ನ ಕಿವಿ ನೆಟ್ಟಗಾದ್ವು.
ಸಂಜಿಗೆ ಎಡಗೈಲೆ ಟೇಪ್ ಎಳದು ಅಳದೆ,
ಹೊಲಿಗಿಯಿಂದ ಕಿರಿಬೆರಳ ತುದಿತನಕ:
ನೂರಾ ಐವತ್ತೆರಡು.
ಮೂರು ಕಮ್ಮಿ ಮಾಡಲಿಲ್ಲ.

ಒಂದು ತಿಂಗಳು ಏನೂ ಇಲ್ಲ.
ಗಂಗಿಮಾಳವ್ವ ಚಹಾ ಕೊಟ್ಲು, ಸ್ಟೀಲ್ ಲೋಟ.
ಬೆರಳಿಗೆ ಬೊಬ್ಬಿ ಎದ್ದದ್ದು
ಮಗಳು ತೋರಿಸಿದ ಮ್ಯಾಲ ಗೊತ್ತಾತು.
ಯಾರದೋ ಬೆರಳು ನನ್ನ ಕೈಗೆ ಜೋತುಬಿದ್ದಂಗ.

ಐದನೇ ವಾರ ಅಸುಂತಾ ಬಾಯಿ ಹೊಲಿಗಿ ಕೆಳಗ ಬಡದ್ಲು, ಟಕ್ ಟಕ್.
ಜುಮ್ ಅಂತು.
ಇಲ್ಲಿ ಬಂದೈತಿ ಕುಡಿ, ಅಂದ್ಲು.
ಗಾಜಿಗೆ ಗುರ್ತು ಹಾಕೋ ಮಾರ್ಕರ್ ತಗದು
ಅಲ್ಲೇ ಗೆರಿ ಎಳದೆ.

ಆಮ್ಯಾಲ ಐತವಾರಕ್ಕೊಮ್ಮೆ ಬಡದು ನೋಡೂದು, ಗೆರಿ ಎಳಿಯೂದು.
ಏಳು. ಏಳು. ಆರು.
ಒಂದು ವಾರ ಬರೇ ಮೂರು, ಅವತ್ತು ಊಟ ಸೇರಲಿಲ್ಲ.
ಬೀಜ ಹಾಕಿ ದಿನಾ ಕೆದರಿ ನೋಡಿದ್ರ ಹುಟ್ತೈತೇನು,
ಅಂತ ಬೈದ್ಲು ಗಂಗಿಮಾಳವ್ವ.
ಹುಲಗಪ್ಪ ಫೋನ್ ಹಚ್ಚಿ ಕೇಳಿದ, ಕೆಲಸಕ್ಕ ಯಾವಾಗ?
ಇನ್ನ ನೂರಾ ಹದಿನಾರು ಎಂಎಂ ಬಾಕಿ ಐತಿ, ಅಂದೆ.
ಅಂವ ಯಾವುದೋ ಕಿಟಕಿ ಅಂತ ತಿಳಕೊಂಡ.

ಕಿರಿಬೆರಳು ಮುಟ್ಟಿದ್ರ ಒಮ್ಮೊಮ್ಮೆ
ಉಂಗುರಬೆರಳು ನಾನು, ನಾನು ಅಂತಿತ್ತು.
ಹೊಸಾ ಪೋಸ್ಟಮನ್, ಜುವಾರಿನಗರದ ಗಲ್ಲಿ,
ಮನಿಗೆ ನಂಬರ್ ಇಲ್ಲ.
ಅಸುಂತಾ ಬಾಯಿ ಕಣ್ಣು ಮುಚ್ಚಿಸಿ ಬೆರಳಿಗೆ ಕೊಡತಿದ್ಲು
ಬಾಚಣಿಕಿ, ಉಸುಕು, ಅರಳಿ, ಕೀಲಿಕೈ.
ಹೇಳು ಏನಿದು?
ಉಸುಕಿಗೆ ಅರಳಿ ಅಂದೆ. ಅಕಿ ನಗಲಿಲ್ಲ.
ನರ ಬಂದೈತಿ, ಓದೂದು ತಲಿ ಕಲೀಬೇಕು,
ನಿನ್ನ ಮಗಳು ಅಕ್ಷರ ಕಲ್ತಂಗ, ಅಂದ್ಲು.

ಮೊನ್ನೆ ಹೊಸ್ತಿಲದಾಗ ಕುಂತಾಗ ಕೆಂಪಿರುವಿ ಕಚ್ತು.
ಕಿರಿಬೆರಳ ತುದಿಗೆ.
ಬರೋಬ್ಬರಿ ಕಿರಿಬೆರಳಿಗೇ.
ಕೊಡವಲಿಲ್ಲ. ಕೈ ಹಂಗ ಎತ್ತಿ ಹಿಡದು ಒಳಗ ಹೋದೆ,
ಸೋರೂ ಪಾತ್ರಿ ಒಯ್ದಂಗ, ಗಂಗಿಮಾಳವ್ವಗ ತೋರಿಸಾಕ.

ಮುಷ್ಟಿ ಇನ್ನ ಪೂರಾ ಮುಚ್ಚೂದಿಲ್ಲ.
ಕಿರಿಬೆರಳು ಅಂಗೈ ಮುಟ್ಟೂದಕ್ಕ ಕಮ್ಮಿ ಬೀಳ್ತೈತಿ.
ಅಳದೆ. ಮೂರಲ್ಲ, ಹನ್ನೊಂದು.
ಬಚ್ಚಲಮನಿ ಕಿಟಕಿ ಇದ್ರ ಹೇಳು,
ಅಂದೀನಿ ಹುಲಗಪ್ಪಗ.